ನನ್ನ ಮೂರನೆಯ ಹೆಂಡತಿಯನ್ನು ಹುಳ ತಿಂದದ್ದು

ನಿಮಗೆ ಎಷ್ಟು ಸಲ ಮದುವೆಯಾಗಿದೆ ಎಂದು ಯಾರಾದರೂ ಕೇಳಿದರೆ ಹೆಚ್ಚಿನವರು ಯೋಚನೆ ಮಾಡದೆ ಉತ್ತರ ಕೊಡುತ್ತಾರೆ. ಹೆಂಡತಿ ಪಕ್ಕದಲ್ಲಿದ್ದರೆ ಇನ್ನೂ ಬೇಗ ಕೊಡುತ್ತಾರೆ. ನಾನು ಮಾತ್ರ ಮೊದಲು ಕೇಳಿದವರ ಮುಖ ನೋಡುತ್ತೇನೆ. ಜನಗಣತಿಗೆ ಬಂದ ಮಾಸ್ತರರಾದರೆ ಮೂರು ಎನ್ನುತ್ತೇನೆ. ಹಣೆಗೆ ಅಂಗಾರ ಅಕ್ಷತೆ ಹಚ್ಚಿಕೊಂಡ ಶಾಸ್ತ್ರಬಲ್ಲವರಾದರೆ ನಾಲ್ಕು ಎನ್ನುತ್ತೇನೆ. ಎರಡೂ ಸುಳ್ಳಲ್ಲ. ವ್ಯತ್ಯಾಸ ಬರುವುದು ಮೂರನೆಯ ಹೆಂಡತಿಯಿಂದ. ಆಕೆ ಕಮಲಾಪುರದ ಹೊರಗೆ, ಹುಮನಾಬಾದ್ ರಸ್ತೆಯ ಬದಿಯಲ್ಲಿ, ಕುರುಚಲು ಬೆಳೆದ ಕೆಂಪು ಗರಸಿನ ದಿಬ್ಬದ ಮೇಲೆ ಇದ್ದಳು. ಸೊಂಟದೆತ್ತರ, ಅಗಲವಾದ ಎಲೆ, ಮುರಿದರೆ ಬಿಳಿ ಹಾಲು. ಎಕ್ಕೆಯ ಗಿಡ. ನಮ್ಮ ಕಡೆ ಯಾರಿಗಾದರೂ ಕೆಟ್ಟದ್ದು ಬಯಸಬೇಕಾದರೆ "ನಿನ್ನ ಮನ್ಯಾಗ ಎಕ್ಕಿ ಹುಟ್ಟಲಿ" ಎಂದು ಬೈಯುತ್ತಾರೆ. ನಾನು ಅದೇ ಎಕ್ಕೆಯನ್ನು ಅಕ್ಷತೆ ಹಾಕಿಸಿಕೊಂಡು ಲಗ್ನವಾದವನು.

ಇದು ಹುಚ್ಚಲ್ಲ, ಶಾಸ್ತ್ರ. ಮೂರನೆಯ ಹೆಂಡತಿ ಉಳಿಯುವುದಿಲ್ಲ ಎಂದು ನಮ್ಮವರ ನಂಬಿಕೆ. ಆದ್ದರಿಂದ ಇಬ್ಬರು ಹೆಂಡಂದಿರನ್ನು ಕಳೆದುಕೊಂಡವನು ಮೂರನೆಯ ಸಲ ಎಕ್ಕೆಯ ಗಿಡಕ್ಕೆ ತಾಳಿ ಕಟ್ಟಬೇಕು. ಬರುವ ಕೇಡು ಗಿಡದ ಮೇಲೆ ಹೋಗುತ್ತದೆ. ಆಮೇಲೆ ಮನುಷ್ಯರ ಹುಡುಗಿ ನಾಲ್ಕನೆಯವಳಾಗಿ ನಿಶ್ಚಿಂತೆಯಿಂದ ಬರುತ್ತಾಳೆ. ಯಮಧರ್ಮನ ದಫ್ತರದಲ್ಲೇ ಲೆಕ್ಕ ತಿದ್ದುವ ಈ ಯುಕ್ತಿಯನ್ನು ಕಂಡುಹಿಡಿದವನು ನನ್ನಂಥ ಒಬ್ಬ ಗುಮಾಸ್ತನೇ ಇರಬೇಕು. ನನ್ನ ಮೊದಲ ಲಗ್ನವಾದಾಗ ನಾವಿಬ್ಬರೂ ಮಕ್ಕಳು. ಆಕೆ ನಮ್ಮ ಮನೆಗೆ ಬರುವ ಮೊದಲೇ ತವರಿನಲ್ಲಿ ಜ್ವರ ಬಂದು ಹೋದಳು. ಆಕೆಯ ಮುಖ ನನಗೆ ನೆನಪಿಲ್ಲ, ಅದಕ್ಕೆ ಈಗಲೂ ಬೇಸರವಾಗುತ್ತದೆ. ಎರಡನೆಯವಳು ರುಕ್ಮಿಣಿ. ಅವಳೊಂದಿಗೆ ಕೆಲವು ವರ್ಷ ಚೆನ್ನಾಗಿ ಸಂಸಾರ ಮಾಡಿದೆ. ರಜಾಕಾರರ ಗದ್ದಲದಲ್ಲಿ ಊರು ಬಿಟ್ಟು ಸೊಲ್ಲಾಪುರಕ್ಕೆ ಹೋಗಿ ಬಿಡಾರ ಮಾಡಿದ್ದೆವು. ಅಲ್ಲಿ ವಿಷಮಜ್ವರ ಬಂದು ತೀರಿಕೊಂಡಳು. ಸೈನ್ಯ ಬಂದು ರಜಾಕಾರರು ಸೋತು, ಪೊಲೀಸ್ ಆ್ಯಕ್ಷನ್ ಮುಗಿದು ಎಲ್ಲರೂ ತಮ್ಮ ತಮ್ಮ ಮನೆಗೆ ಮರಳಿದಾಗ ನಾನೂ ಮರಳಿದೆ, ಒಬ್ಬನೇ. ರುಕ್ಮಿಣಿಯ ವಿಷಯದಲ್ಲಿ ತಮಾಷೆ ಮಾಡಲು ನನಗೆ ಬಾಯಿ ಬರುವುದಿಲ್ಲ, ಆದ್ದರಿಂದ ಮುಂದಕ್ಕೆ ಹೋಗೋಣ.

ಆಗ ನಾನು ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಕಲಿತದ್ದು ಉರ್ದುವಿನಲ್ಲಿ, ಬರೆದದ್ದು ಉರ್ದುವಿನಲ್ಲಿ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ; ಗಂಜ್ ಬಜಾರಿನಲ್ಲಿ ತೊಗರಿಬೇಳೆ ತರಲು ಹೋದರೆ ಮೂರೂ ಕಲಸಿದ ಒಂದು ಭಾಷೆ. ಪೊಲೀಸ್ ಆ್ಯಕ್ಷನ್ ಆದ ಮೇಲೆ ಕಾಗದಪತ್ರಗಳೆಲ್ಲ ಒಂದೊಂದಾಗಿ ಕನ್ನಡಕ್ಕೆ ತಿರುಗತೊಡಗಿದವು. ಮೊದಲ ದಿನ ನಾನು ಅಭ್ಯಾಸಬಲದಿಂದ ಹಾಳೆಯ ಬಲ ಅಂಚಿಗೆ ಒಂದು ದೊಡ್ಡ 'ಶ್ರೀ' ಬರೆದು, ಮುಂದೆ ಹೋಗಲು ಜಾಗವಿಲ್ಲದೆ, ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಸಾಹೇಬರು ಬಂದು ನೋಡಿ, "ರಾಯರ, ಶ್ರೀಕಾರ ಛಲೋ ಬಂದದ, ಆದ್ರ ಮುಂದ ಹೋಗ್ಲಿಕ್ಕೆ ಮನಸಿಲ್ಲೇನು?" ಎಂದರು. ಲಗ್ನದ ವಿಷಯದಲ್ಲೂ ನನ್ನ ಅವಸ್ಥೆ ಅದೇ. ಮುಂದೆ ಹೋಗುವ ಮನಸ್ಸಿರಲಿಲ್ಲ. ಕಾರಣ ವೈರಾಗ್ಯವಲ್ಲ, ಅಂಜಿಕೆ. ನನ್ನ ಕೈ ಹಿಡಿದವರು ಉಳಿಯುವುದಿಲ್ಲ ಎಂಬ ಮಾತು ಒಳಗೆಲ್ಲೋ ಕೂತುಬಿಟ್ಟಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಹೇಳಿದರೆ ಕೇಳಿದವರು ಹೌದು ಎಂದುಬಿಟ್ಟಾರು ಎಂಬ ಇನ್ನೊಂದು ಅಂಜಿಕೆ.

ಆದರೆ ಮನೆಯಲ್ಲಿ ನನ್ನ ಅಕ್ಕ ಗೋದಕ್ಕ ಇದ್ದಳು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ಕಲಬುರಗಿಯ ಬ್ರಹ್ಮಪುರ ಓಣಿಯ ನಮ್ಮ ಮನೆಗೆ ಬಂದವಳು. ನನ್ನನ್ನು ಬೆಳೆಸಿದವಳು, ಆ ಕೆಲಸ ಇನ್ನೂ ಮುಗಿದಿಲ್ಲ ಎಂದು ತಿಳಿದಿದ್ದವಳು. ದಿನಾ ಊಟಕ್ಕೆ ಕೂತಾಗ "ತಮ್ಮಾ, ನಾ ಕಣ್ಣು ಮುಚ್ಚಿದ್ರ ನಿನಗ ಒಂದು ತುತ್ತು ಬಡಸೋರು ಯಾರಪಾ?" ಎಂದು ಶುರು ಮಾಡಿ, ನಾನು ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಅಳು ತಂದುಕೊಳ್ಳುತ್ತಿದ್ದಳು. ಕಮಲಾಪುರದ ಸಂಬಂಧ ತಂದವಳು ಅವಳೇ. ಹುಡುಗಿಯ ಹೆಸರು ಯಮುನಾ. ತಂದೆತಾಯಿ ಇಲ್ಲ. ಅಜ್ಜಿ ಬಾಳಕ್ಕ, ನಾಲ್ಕು ಸಾಲು ಕೆಂಪು ಬಾಳೆಯ ತೋಟ ಇಟ್ಟುಕೊಂಡು ಮೊಮ್ಮಗಳನ್ನು ಸಾಕಿದ್ದಳು. ಗದ್ದಲದ ವರ್ಷಗಳಲ್ಲಿ ಲಗ್ನ ಮುಂದೆ ಮುಂದೆ ಹೋಗಿ ಯಮುನಾಗೆ ವಯಸ್ಸು ಏರಿತ್ತು. ಅಷ್ಟರಲ್ಲಿ ಆಕೆ ಓದಿಕೊಂಡು ಊರಲ್ಲಿ ಹೊಸದಾಗಿ ತೆರೆದ ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ಮಾಸ್ತರಿಣಿಯಾಗಿದ್ದಳು. ನೋಡಲು ಹೋದಾಗ ಆಕೆ ಅವಲಕ್ಕಿ ತಂದಿಟ್ಟು, ತಲೆ ತಗ್ಗಿಸದೆ ನನ್ನನ್ನು ಒಮ್ಮೆ ಚೆನ್ನಾಗಿ ನೋಡಿ ಒಳಗೆ ಹೋದಳು. ನನಗೆ ಬೇಡ ಎನ್ನಲು ಬೇಕಾದಷ್ಟು ಕಾರಣಗಳಿದ್ದವು. ಬಾಯಿಂದ ಬಂದದ್ದು ಮಾತ್ರ ಆಗಲಿ ಎಂದು.

ಬಾಳಕ್ಕಜ್ಜಿ ಒಂದೇ ಕರಾರು ಹಾಕಿದಳು. "ನನಗ ವರದಕ್ಷಿಣಿ ಮಾತು ಬ್ಯಾಡ, ಮಾನಪಾನ ಬ್ಯಾಡ. ಎಕ್ಕಿ ಲಗ್ನ ಕಾಯದೇಶೀರ್, ಶಾಸ್ತ್ರದ ಪ್ರಕಾರ ಆಗಬೇಕು, ನನ್ನ ಕಣ್ಣ ಮುಂದ ಆಗಬೇಕು. ನನ್ನ ಮೊಮ್ಮಗಳು ಬದುಕಬೇಕು, ಅಷ್ಟ." ಅಜ್ಜಿ ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ಬಾಳೆಗೊನೆ ಎಷ್ಟು ಬಲಿತಿದೆ ಎಂದು ಹೇಳುವ ದನಿಯಲ್ಲಿ ಹೇಳಿದಳು. ನಮ್ಮ ಮನೆಯ ಪುರೋಹಿತರಾದ ಭೀಮಾಚಾರ್ಯರಿಗೆ ಈ ಕಾರ್ಯ ಒಪ್ಪಿಸಿದೆವು. ಅವರು ಇಂಥ ಲಗ್ನವನ್ನು ಗ್ರಂಥದಲ್ಲಿ ಓದಿದ್ದರೇ ಹೊರತು ಮಾಡಿಸಿರಲಿಲ್ಲ. ಆದ್ದರಿಂದ ಅವರ ಉತ್ಸಾಹಕ್ಕೆ ಮಿತಿ ಇರಲಿಲ್ಲ.

ಕನ್ಯೆ ನೋಡುವುದು ಶುರುವಾಯಿತು. ಕಲಬುರಗಿಯಲ್ಲಿ ಎಕ್ಕೆಗೇನು ಬರವೇ? ಕೋಟೆಯ ಕಂದಕದ ಉದ್ದಕ್ಕೂ ಆಳೆತ್ತರದ ಗಿಡಗಳಿದ್ದವು. ಆಚಾರ್ಯರು ಅವನ್ನೆಲ್ಲ ದೂರದಿಂದಲೇ ತಳ್ಳಿಹಾಕಿದರು. "ಹೂ ಬಿಟ್ಟಾವ, ಕಾಯಿ ಒಡದು ಅರಳಿ ಹಾರ್ಲಿಕತ್ತದ. ಮಕ್ಕಳು ಮರಿ ಕಂಡ ಗಿಡಕ್ಕ ಕನ್ಯಾ ಅಂತ ಹ್ಯಾಂಗ ಅನ್ಲಿ, ರಾಯರ?" ಎಂದರು. ಊರೊಳಗೆ ಜಗತ್ ಎಂಬಲ್ಲಿ ಒಂದು ಖಾಲಿ ಜಾಗದಲ್ಲಿ ಸಿಕ್ಕ ಗಿಡ ಎಳೆಯದಾಗಿತ್ತು, ಆದರೆ ಅದರ ಬುಡದಲ್ಲಿ ದಾರಿಹೋಕರು ಕೂತೆದ್ದು ಹೋಗುತ್ತಿದ್ದರು. ಅಂಥ ಮನೆತನ ನಮಗೆ ಬೇಡ ಎಂದು ಅಕ್ಕ ಮೂಗು ಮುಚ್ಚಿಕೊಂಡಳು. ಕೊನೆಗೆ ಕಮಲಾಪುರದ ದಿಬ್ಬದ ಮೇಲೆ ಜಾಲಿ, ಬಾರಿ, ತಂಗಟೆಯ ಪೊದೆಗಳ ನಡುವೆ ಈ ಗಿಡ ಸಿಕ್ಕಿತು. ಇನ್ನೂ ಮೊಗ್ಗು ಮೂಡಿರಲಿಲ್ಲ, ಎಲೆಗೆಲ್ಲ ಬೂದಿ ಸವರಿದ ಹಾಗೆ ಎಳೆಯ ಬಣ್ಣ. ಆಚಾರ್ಯರು ಸುತ್ತು ಹಾಕಿ ನೋಡಿ, "ಕನ್ಯಾ ಛಲೋ ಅದ" ಎಂದರು. ಲಗ್ನವಾದ ಮೇಲೆ ನಾಲ್ಕು ದಿನ ಗಿಡಕ್ಕೆ ಏನೂ ಆಗದ ಹಾಗೆ ಕಾಯಬೇಕು, ನಾಲ್ಕನೆಯ ದಿನಕ್ಕೆ ಲಗ್ನ ಪೂರ್ತಿಯಾಗುತ್ತದೆ ಎಂಬ ನಿಯಮವನ್ನು ಅವರು ಆಗಲೇ ಹೇಳಿದ್ದರು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಎಕ್ಕೆಯನ್ನು ಮಾತ್ರ ಆಡೂ ಮುಟ್ಟುವುದಿಲ್ಲ. ಇನ್ನು ಅದನ್ನು ತಿನ್ನುವವರು ಯಾರು?

ಲಗ್ನ ಬೆಳಿಗ್ಗೆಯೇ ಆಯಿತು. ಗಿಡಕ್ಕೆ ವಿಧವೆಯ ಕೈ ಎಂಬ ದೋಷವಿಲ್ಲ ಎಂದು ಆಚಾರ್ಯರು ಒಪ್ಪಿದ್ದರಿಂದ ಗೋದಕ್ಕನೇ ಅದಕ್ಕೆ ಹಸಿರು ಖಣ ಉಡಿಸಿ, ಎಲೆಗೆ ಅರಿಶಿನ ಕುಂಕುಮ ಹಚ್ಚಿ, ನಾದಿನಿಯ ಬಳಿ ನಿಂತ ಹಾಗೆ ನಿಂತಳು. ಎಕ್ಕೆಗೂ ಗೋತ್ರವಿದೆ, ಕಾಶ್ಯಪ, ಸೂರ್ಯನ ಮನೆತನ. ಕನ್ಯಾದಾನ ಮಾಡಲು ಹೆಣ್ಣಿನ ತಂದೆಯ ಸ್ಥಾನದಲ್ಲಿ ಯಾರಾದರೂ ನಿಲ್ಲಬೇಕು. ಆಚಾರ್ಯರು ತಾವೇ ನಿಂತರು. ನಡುವೆ ಎಲೆಯ ಹಾಲು ಬೆರಳಿಗೆ ಹತ್ತಿ, ಆ ಬೆರಳು ಕಣ್ಣಿಗೆ ಹತ್ತಿ, ಅವರ ಕಣ್ಣಿಂದ ನೀರು ಸುರಿಯತೊಡಗಿತು. ಹುಮನಾಬಾದ್ ಬಸ್ಸಿನಲ್ಲಿ ಹೋಗುವವರಿಗೆ ಮಗಳನ್ನು ಧಾರೆ ಎರೆಯುವ ತಂದೆಯ ದುಃಖ ಕಂಡಿರಬೇಕು. ನಾನು ಅರಿಶಿನ ಕೊಂಬು ಕಟ್ಟಿದ ಹಳದಿ ದಾರವನ್ನು ಕಾಂಡಕ್ಕೆ ಸುತ್ತಿ ಮೂರು ಗಂಟು ಹಾಕಿದೆ. ಆಗ ಗೋದಕ್ಕ ಎಲೆಯ ಅಡಿ ಬಗ್ಗಿ ನೋಡಿ, "ಅಯ್ಯ, ಎಷ್ಟು ಚಂದ ಹುಳ ಅವ ನೋಡ್ರಿ. ಕರಿ ಬಿಳಿ ಪಟ್ಟಿ, ನಡುವ ಹಳದಿ ಚುಕ್ಕಿ. ಮದುಮಗಳ ಜೋಡಿ ಕಳಸಗಿತ್ತ್ಯಾರು ಬಂದಾರ" ಎಂದಳು. ಎಲ್ಲರೂ ನಕ್ಕೆವು. ಆಚಾರ್ಯರು ಅಂದಿನಿಂದ ನನ್ನನ್ನು ರಾಯರೇ ಎನ್ನುವುದು ಬಿಟ್ಟು ಅಳಿಯಂದಿರೇ ಎನ್ನತೊಡಗಿದರು.

ಮರುದಿನ ಬಾಳಕ್ಕಜ್ಜಿಯ ಕಟ್ಟೆಯ ಮೇಲೆ ನಾವು ಹೊರಡುವ ತಯಾರಿಯಲ್ಲಿದ್ದಾಗ, ಗಿಡಕ್ಕೆ ನೀರು ಹಾಕಲು ಹೋದ ಅಜ್ಜಿ ಖಾಲಿ ತಂಬಿಗೆ ಹಿಡಿದುಕೊಂಡು ಮೆಲ್ಲಗೆ ಬಂದಳು. "ನಿಮ್ಮ ಹೆಂಡ್ತಿನ ಹುಳ ತಿನ್ಲಿಕತ್ತಾವ, ಬಂದು ನೋಡ್ರಿ" ಎಂದಳು. ಹೋಗಿ ನೋಡಿದರೆ ನಿಜ. ಮೇಲಿನ ಎಳೆಯ ಎಲೆಗಳೆಲ್ಲ ಮುಗಿದು ನರ ಮಾತ್ರ ಉಳಿದಿತ್ತು. ನಿನ್ನೆಯ ಕಳಸಗಿತ್ತಿಯರು ರಾತ್ರಿ ಕಳೆಯುವಷ್ಟರಲ್ಲಿ ಉಬ್ಬಿ ಕಿರುಬೆರಳಿನಷ್ಟು ದಪ್ಪವಾಗಿದ್ದರು. ಆಡು ಮುಟ್ಟದ್ದನ್ನು ಇವು ಹಬ್ಬದೂಟದಂತೆ ತಿನ್ನುತ್ತಿದ್ದವು. ಗಿಡ ಎಳೆಯದು, ಕನ್ಯೆಯಾಗಿರಬೇಕೆಂದು ನಾವೇ ಆರಿಸಿದ್ದು. ಅದರಲ್ಲಿ ಎಲೆ ಇದ್ದದ್ದೇ ಕಡಿಮೆ. ಕೋಟೆಯ ಕಂದಕದ ಆ ಮಕ್ಕಳ ತಾಯಿಯಾಗಿದ್ದರೆ ಇಂಥ ಹತ್ತು ಸಂಸಾರ ಸಾಕುತ್ತಿದ್ದಳು.

ದಿಬ್ಬದ ಮೇಲೆಯೇ ಸಭೆ ಸೇರಿತು. "ಹೋದ್ರ ಹೋಗ್ಲಿ ಬಿಡ್ರಿ, ಕೇಡು ಗಿಡಕ್ಕ ಹೋಗ್ಲಿ ಅಂತಲ್ಲ ಇದೆಲ್ಲ ಮಾಡಿದ್ದು?" ಎಂದು ನಾನು ಕೇಳಿದೆ. ಆಚಾರ್ಯರು ತಲೆ ಆಡಿಸಿದರು. "ಇಲ್ಲ ಅಳಿಯಂದಿರ. ನಾಲ್ಕನೇ ದಿನ ಆದ ಮ್ಯಾಲೆ ಹೋದ್ರ ಮಾತು ಬ್ಯಾರೆ. ಅದಕ್ಕಿಂತ ಮೊದಲ ಹೋದ್ರ ಲಗ್ನನ ಪೂರ್ತಿ ಆಗಿಲ್ಲಂತ ಲೆಕ್ಕ. ಅಂದ್ರ ಮೂರನೇಯಾಕಿ ಜಾಗಾ ಖಾಲಿ." ಆ ಖಾಲಿ ಜಾಗದಲ್ಲಿ ಮೊಮ್ಮಗಳನ್ನು ಕೂಡಿಸಲು ಬಾಳಕ್ಕಜ್ಜಿ ತಯಾರಿರಲಿಲ್ಲ, ಗಿಡ ಹೋದರೆ ಸಂಬಂಧವೂ ಹೋಯಿತು ಎಂದು ಶಾಂತವಾಗಿ ಹೇಳಿದಳು. ಇನ್ನೊಂದು ಗಿಡಕ್ಕೆ ತಾಳಿ ಕಟ್ಟಿದರೆ ಹೇಗೆ ಎಂದೆ. "ಒಬ್ಬಾಕಿ ಹಿಂಗ ನರಳಲಿಕ್ಕತ್ತಾಗ ಇನ್ನೊಬ್ಬಾಕಿನ್ನ ಕಟಗೋತೀರೇನು?" ಎಂದು ಆಚಾರ್ಯರು ನಿಜವಾಗಿ ನೊಂದುಕೊಂಡರು, ಎಷ್ಟೆಂದರೂ ಮಗಳು. ಹುಳಗಳನ್ನು ಹೊಸಕಿ ಹಾಕೋಣವೆಂದರೆ ಲಗ್ನದ ದೀಕ್ಷೆಯಲ್ಲಿ ಜೀವಹತ್ಯೆ ಕೂಡದು. ಕೊನೆಗೆ ಗಂಡನಾದವನು ಅಲ್ಲೇ ಇದ್ದು ಹೆಂಡತಿಯ ಯೋಗಕ್ಷೇಮ ನೋಡಿಕೊಳ್ಳಬೇಕು ಎಂದು ತೀರ್ಮಾನವಾಯಿತು. ನಾನು ಕಚೇರಿಗೆ ರಜೆಯ ಅರ್ಜಿ ಬರೆದು ಅಕ್ಕನ ಕೈಯಲ್ಲಿ ಕಳಿಸಿದೆ. ಕಾರಣ ಏನು ಬರೆಯುವುದೆಂದು ತಿಳಿಯದೆ ಇದ್ದದ್ದನ್ನೇ ಬರೆದೆ, ಹೆಂಡತಿಗೆ ಹುಷಾರಿಲ್ಲ ಎಂದು. ನನ್ನನ್ನು ವಿಧುರನೆಂದು ತಿಳಿದಿದ್ದ ಸಾಹೇಬರು ಅದನ್ನು ಓದಿ ಏನೂ ಕೇಳದೆ ಮಂಜೂರು ಮಾಡಿದರಂತೆ. ಮನುಷ್ಯನಿಗೆ ದುಃಖದಲ್ಲಿ ತಲೆ ಕೆಡುತ್ತದೆ ಎಂದುಕೊಂಡಿರಬೇಕು.

ಹೀಗೆ ನಾನು ಕೊಡೆ ಹಿಡಿದುಕೊಂಡು ಎಕ್ಕೆಯ ಗಿಡದ ಪಕ್ಕ ಕೂತೆ. ನನ್ನ ಉಪಾಯವೇನೆಂದರೆ ಬೇರೆ ಗಿಡದ ಸೊಂಪಾದ ಎಲೆ ತಂದು ಸಮೀಪದಲ್ಲಿ ಹರಡುವುದು, ಹುಳಗಳು ರುಚಿ ನೋಡಿ ಈ ಕಡೆ ಬರುತ್ತವೆ ಎಂದು. ಅಂಗಿಯ ಮೇಲೆಲ್ಲ ಹಾಲು ಬಿದ್ದು ಕಲೆಯಾಯಿತು. ಬೀಗರನ್ನು ಉಪಚರಿಸುವ ಹಾಗೆ ಸುತ್ತಲೂ ಎಲೆ ಹಾಕಿ ಕಾದೆ. ಒಂದು ಹುಳವೂ ಎದ್ದು ಬರಲಿಲ್ಲ. ಅವು ಎಲೆಯ ಅಂಚನ್ನು ಹಿಡಿದು ಮೇಲಿನಿಂದ ಕೆಳಕ್ಕೆ ಕೊರೆದು, ಮತ್ತೆ ಮೇಲಕ್ಕೆ ಹೋಗಿ ಮತ್ತೆ ಕೆಳಕ್ಕೆ ಬರುತ್ತಿದ್ದವು. ಅಷ್ಟು ಶ್ರದ್ಧೆ ನಮ್ಮ ಕಚೇರಿಯಲ್ಲಿ ಯಾರಲ್ಲೂ ನಾನು ಕಂಡಿರಲಿಲ್ಲ. ಶಾಲೆ ಬಿಟ್ಟು ಆ ದಾರಿಯಲ್ಲಿ ಬಂದ ಯಮುನಾ ನಿಂತು ನೋಡಿದಳು. ಸ್ವಲ್ಪ ದೂರದಲ್ಲಿ ಬೇವಿನ ನೆರಳಲ್ಲಿ ಬಾಳಕ್ಕಜ್ಜಿ ಜಪ ಮಾಡುತ್ತ ಕಾವಲಿದ್ದಳು. ಗಿಡಕ್ಕೆ ನಾನು ಕಾವಲು, ನನಗೆ ಅಜ್ಜಿ ಕಾವಲು.

"ಇವೆಲ್ಲ ಎಲಿ ಯಾಕ ಹರವೀರಿ?" ಎಂದು ಯಮುನಾ ಕೇಳಿದಳು. ಹೇಳಿದೆ. ಆಕೆ ನಗು ತಡೆದುಕೊಂಡು, "ತಾಟು ಬಡಿಸಿದ್ರ ಎದ್ದು ಬರ್ಲಿಕ್ಕೆ ಅವೇನು ಬ್ರಾಹ್ಮಣರೇನ್ರಿ? ಎತ್ತಿ ಒಯ್ದು ಬ್ಯಾರೆ ಗಿಡಕ್ಕ ಬಿಡ್ರಿ" ಎಂದಳು. ಇಷ್ಟು ಸರಳ ಮಾತು ಆಚಾರ್ಯರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಆದರೆ ಮುಟ್ಟಬೇಕಲ್ಲ. ಹುಳದ ಮೈಮೇಲೆ ಮೂರು ಜೊತೆ ಕರಿ ಕೊಂಬು ಬೇರೆ. ನಾನು ಹಿಂದೆ ಮುಂದೆ ನೋಡುವುದನ್ನು ಕಂಡು ಆಕೆಯೇ ಬಾಳೆಯ ಎಲೆಯ ತುಂಡು ತಂದು, ಒಂದೊಂದನ್ನೇ ಅದರ ಮೇಲೆ ಹತ್ತಿಸಿಕೊಂಡು, ದಿಬ್ಬದ ಆಚೆ ಬದಿಯ ದೊಡ್ಡ ಎಕ್ಕೆಗೆ ಬಿಟ್ಟು ಬಂದಳು. ನಾನು ಕೊಡೆ ಹಿಡಿದುಕೊಂಡು ಹಿಂದೆ ಹಿಂದೆ ಹೋದೆ. ನನ್ನ ಮೂರನೆಯ ಹೆಂಡತಿಯನ್ನು ನಾಲ್ಕನೆಯವಳು ಉಳಿಸುತ್ತಿದ್ದಳು. ಕೆಳಗಿನ ಮೂರು ನಾಲ್ಕು ಎಲೆ ಬಾಕಿ ಇರುವಾಗಲೇ ಆ ಕೆಲಸ ಮುಗಿಯಿತು. ಒಂದು ಹುಳ ಮಾತ್ರ ಕಣ್ಣಿಗೆ ಬೀಳದೆ ಉಳಿದಿತ್ತು ಎಂದು ನಮಗೆ ಆಮೇಲೆ ತಿಳಿಯಿತು.

ನಾಲ್ಕನೆಯ ದಿನ ಆಚಾರ್ಯರು ಸಮಾಪ್ತಿ ಮಾಡಿಸಲು ಕಲಬುರಗಿಯಿಂದ ಅಕ್ಕನನ್ನೂ ಕರೆದುಕೊಂಡು ಬಂದರು. ಗಿಡ ಬಡವಾಗಿತ್ತು, ಆದರೆ ಬದುಕಿತ್ತು. ಎಲ್ಲರ ಮುಖವೂ ಹಗುರಾಯಿತು. ಅಷ್ಟರಲ್ಲಿ ಬಾಳಕ್ಕಜ್ಜಿಯ ದೃಷ್ಟಿ ಕಾಂಡಕ್ಕೆ ಕಟ್ಟಿದ ದಾರಕ್ಕೆ ಹೋಯಿತು. ಅರಿಶಿನ ಕೊಂಬಿನ ಪಕ್ಕದಲ್ಲಿ, ದಾರಕ್ಕೇ ಜೋತುಬಿದ್ದು, ತಿಳಿ ಹಸಿರಿನ ಒಂದು ಗುಂಡು ಇತ್ತು; ಅದರ ಮೇಲೆ ಸಣ್ಣ ಸಣ್ಣ ಬಂಗಾರದ ಚುಕ್ಕೆಗಳು, ಬಿಸಿಲಿಗೆ ಹೊಳೆಯುತ್ತಿದ್ದವು. ಅಕ್ಕಸಾಲಿಗ ಮಾಡಿದರೂ ಅಷ್ಟು ನಯವಾಗಿ ಮಾಡಲಾರ. "ಇದೇನ ಇದು?" ಎಂದಳು ಅಜ್ಜಿ. ಯಮುನಾ ಶಾಲೆಯಲ್ಲಿ ಪಾಠ ಹೇಳುವ ಹಾಗೆ, "ಉಳಿದ ಹುಳ ಅಜ್ಜಿ. ಹಿಂಗ ಗೂಡಾಗೇದ. ಇನ್ನು ಸ್ವಲ್ಪ ದಿನಕ್ಕ ಇದರೊಳಗಿಂದ ಪಾತರಗಿತ್ತಿ ಹೊರಗ ಬರ್ತದ" ಎಂದು ವಿವರಿಸಿದಳು. ಅಜ್ಜಿ ಜಪಸರ ಕೆಳಗಿಟ್ಟಳು. "ಅಂದ್ರ ಬಸರಿ ಇದ್ದಾಳ ಅನ್ನು."

ಅಜ್ಜಿ ಮುಂದುವರಿಸಿದಳು: "ತಾಳಿಗೆ ಕೂಸು ಕಟ್ಟೇದ. ಬಸರಿ ಹೆಂಡ್ತಿ ಮನ್ಯಾಗ ಇರಲಿಕ್ಕೆ ಯಾವ ಗಂಡಸು ಇನ್ನೊಂದು ಲಗ್ನದ ಮಾತಾಡ್ತಾನ? ಬಾಣಂತನ ಆಗ್ಲಿ, ಆಮ್ಯಾಲೆ ನೋಡೂಣು." ನಾನು ಆಚಾರ್ಯರ ಮುಖ ನೋಡಿದೆ. ಅವರು ಆಗಲೇ ಅಜ್ಜನಾಗುವ ಸಂತೋಷದಲ್ಲಿದ್ದರು. ಗ್ರಂಥದಲ್ಲಿ ಇದಕ್ಕೆ ಆಧಾರವಿಲ್ಲ, ಆದರೆ ವಿರೋಧವೂ ಇಲ್ಲ ಎಂದು ತೀರ್ಪು ಕೊಟ್ಟರು. ಹೆರಿಗೆಯಾದರೆ ಹತ್ತು ದಿನ ವೃದ್ಧಿಯ ಮೈಲಿಗೆ ಹಿಡಿಯಬೇಕೋ ಏನೋ ಎಂದು ಬೆರಳು ಎಣಿಸತೊಡಗಿದರು. ಯಮುನಾಳ ಜೊತೆಗಿನ ಲಗ್ನಕ್ಕೆ ಗೊತ್ತು ಮಾಡಿದ ಮುಹೂರ್ತ ಹೋಯಿತು. ಎರಡು ಲಗ್ನಗಳಿಂದ ಒಂದು ಮಗುವನ್ನೂ ಕಾಣದ ನನಗೆ ಮೂರನೆಯದರಲ್ಲಿ ನಾಲ್ಕೇ ದಿನಕ್ಕೆ ಸಂತಾನ ಯೋಗ. ಗೋದಕ್ಕ ಅಳಬೇಕೋ ಬಸುರಿಗೆ ಕುಬಸ ಮಾಡಬೇಕೋ ತಿಳಿಯದೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ದಿನಗಳಲ್ಲಿ ನಾನು ಭಾನುವಾರ, ರಜೆ ಎಂದು ನೆಪ ಮಾಡಿಕೊಂಡು ಕಮಲಾಪುರದ ಬಸ್ಸು ಹತ್ತುತ್ತಿದ್ದೆ. ಬಸುರಿ ಹೆಂಡತಿಯನ್ನು ನೋಡಿಬರುವುದು ಗಂಡನ ಧರ್ಮವಲ್ಲವೇ. ಒಂದು ಸಲ ಯಮುನಾ ನೀರಿನ ತಂಬಿಗೆ ತಂದು ಗಿಡದ ಬುಡಕ್ಕೆ ಹಾಕುತ್ತ, ನನ್ನ ಕಡೆ ನೋಡದೆ ಕೇಳಿದಳು: "ಒಂದು ಮಾತು ಖರೇ ಹೇಳ್ರಿ. ಮುಹೂರ್ತ ಮುಂದ ಹೋಗಿದ್ದಕ್ಕ ನಿಮಗ ಒಳಗ ಹಗುರ ಆಗೇದ, ಹೌದಲ್ಲೋ?" ಸುಳ್ಳು ಹೇಳಲು ಆಗಲಿಲ್ಲ. ಹೌದು ಎಂದೆ. ಯಾಕೆ ಎಂದಳು. ಯಾರಿಗೂ ಹೇಳದ ಮಾತು ಆ ಗಿಡದ ಮುಂದೆ ಬಾಯಿಗೆ ಬಂತು. "ನನ್ನ ಕೈ ಹಿಡದವ್ರು ಉಳಿಯೂದಿಲ್ಲ. ನಿಮಗ ಏನಾದ್ರೂ ಆದ್ರ ನಾ ತಡಕೊಳ್ಳೋದಿಲ್ಲ" ಎಂದೆ. ಆಕೆ ಹೌದು ಎನ್ನಲಿಲ್ಲ. ತಂಬಿಗೆ ಕೆಳಗಿಟ್ಟು ಹೇಳಿದಳು: "ರುಕ್ಮಿಣಿಯವರಿಗೆ ಜ್ವರ ಬಂದಿತ್ತು, ಹೋದ್ರು. ಆ ವರ್ಷ ಎಷ್ಟು ಮನ್ಯಾಗ ಎಷ್ಟು ಮಂದಿ ಹೋದ್ರು, ಅವರೆಲ್ಲಾ ನಿಮ್ಮ ಕೈ ಹಿಡದಿದ್ರೇನು? ನಾ ಇದ್ರೂ ನನ್ನ ಹಣೀಬರ, ಹೋದ್ರೂ ನನ್ನ ಹಣೀಬರ. ನಾ ಸಾಯೂದರಾಗೂ ನಿಮ್ಮದ ದೊಡ್ಡಸ್ತಿಕಿ ಇರಬೇಕೇನ್ರಿ?"

ನನಗೆ ಅಳು ಬಂತು. ಎಷ್ಟೋ ತಿಂಗಳಿನಿಂದ ಬಾರದೇ ಇದ್ದದ್ದು. ಎಕ್ಕೆಯ ಹಾಲು ಕಣ್ಣಿಗೆ ಹತ್ತಿತು ಎಂದೆ. ಆಕೆ ನಂಬಿದವಳ ಹಾಗೆ ತಂಬಿಗೆಯಲ್ಲಿ ಉಳಿದ ನೀರನ್ನು ನನ್ನ ಕೈಗೆ ಹಾಕಿದಳು. ಬೇವಿನ ಕೆಳಗೆ ಅಜ್ಜಿಯ ಜಪ ಸ್ವಲ್ಪ ಜೋರಾಯಿತು.

ಪಾತರಗಿತ್ತಿ ಒಂದು ಬೆಳಿಗ್ಗೆ ಹೊರಗೆ ಬಂತು. ನಾನಿರಲಿಲ್ಲ, ಹೆರಿಗೆಯ ಹೊತ್ತಿಗೆ ಗಂಡಸರು ಎಲ್ಲಿರುತ್ತಾರೋ ಅಲ್ಲಿ, ಕಚೇರಿಯಲ್ಲಿದ್ದೆ. ಹಸಿರು ಗುಂಡು ಹಿಂದಿನ ದಿನವೇ ಕಪ್ಪಾಗಿತ್ತಂತೆ. ಒಡೆದು ಹೊರಬಂದಾಗ ರೆಕ್ಕೆ ಒದ್ದೆ ಬಟ್ಟೆಯ ಹಾಗೆ ಮುದುಡಿತ್ತಂತೆ. ದಾರವನ್ನೇ ಹಿಡಿದು ಜೋತು, ಬಿಸಿಲು ಏರಿದ ಮೇಲೆ ಬಿಚ್ಚಿಕೊಂಡಿತಂತೆ. ಬೆಲ್ಲದ ಬಣ್ಣ, ಕಪ್ಪು ಅಂಚು, ತುದಿಗೆ ಬಿಳಿ ಚುಕ್ಕೆ. ಬಯಲಲ್ಲಿ, ಬೇಲಿಯಲ್ಲಿ ನಾವು ದಿನಾ ನೋಡಿಯೂ ನೋಡದ ಸಾದಾ ಪಾತರಗಿತ್ತಿ. ತನ್ನ ಅಜ್ಜನಾದ ಭೀಮಾಚಾರ್ಯರ ಆಶೀರ್ವಾದಕ್ಕೂ ಕಾಯದೆ ಜಾಲಿಯ ಪೊದೆಗಳ ಮೇಲೆ ಮೆಲ್ಲಗೆ ಹಾರಿಕೊಂಡು ಹೋಯಿತು. ಕೂಸು ಪರವೂರಿಗೆ ಹೋದ್ದರಿಂದ ವೃದ್ಧಿ ಇಲ್ಲ ಎಂದು ಆಚಾರ್ಯರು ಬಿಟ್ಟುಕೊಟ್ಟರು. ಬಾಳಕ್ಕಜ್ಜಿ ಗಿಡದ ಮುಂದೆ ಒಂದು ಕೆಂಪು ಬಾಳೆಹಣ್ಣು ಇಟ್ಟು ಕೈ ಮುಗಿದು, "ನಿಂದು ನೀ ಮುಗಿಸಿದಿ ತಾಯಿ, ಇನ್ನ ನನ್ನ ಕೂಸು ಸುಖವಾಗಿರ್ಲಿ" ಎಂದಳಂತೆ. ಬಂದ ಮೊದಲ ಮುಹೂರ್ತಕ್ಕೇ ನಮ್ಮ ಲಗ್ನವಾಯಿತು.

ಇಲ್ಲಿಗೆ ನನ್ನ ಅಂಜಿಕೆ ಹೋಗಬೇಕಿತ್ತು. ಗಿಡ ಬದುಕಿತ್ತು, ಶಾಸ್ತ್ರ ಮುಗಿದಿತ್ತು, ಯಮುನಾ ದಿಬ್ಬದ ಮೇಲೆ ಹೇಳುವಷ್ಟನ್ನೂ ಹೇಳಿದ್ದಳು. ಆದರೆ ಬುದ್ಧಿಗೆ ತಿಳಿದದ್ದು ಎದೆಗೆ ತಿಳಿಯಲು ಹೊತ್ತು ಹಿಡಿಯುತ್ತದೆ. ಆಕೆ ಬ್ರಹ್ಮಪುರದ ಮನೆಗೆ ಬಂದ ಮೊದಲ ವಾರ, ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ಒಂದೇ ಸಮನೆ ಕೆಮ್ಮಿದಳು. ನಾನು ಚಪ್ಪಲಿಯನ್ನೂ ಮೆಟ್ಟದೆ ಮೋಮಿನಪುರ ಓಣಿಗೆ ಓಡಿದೆ. ಅಲ್ಲಿ ನಮ್ಮ ತಂದೆಯ ಕಾಲದಿಂದ ಪರಿಚಯದ ಒಬ್ಬ ಹಕೀಮ್ ಸಾಹೇಬರಿದ್ದರು. ಗದ್ದಲದಲ್ಲಿ ಮೊದಲು ನಾವು ಊರು ಬಿಟ್ಟಿದ್ದೆವು. ಪೊಲೀಸ್ ಆ್ಯಕ್ಷನ್ ಆದ ಮೇಲೆ ಅವರು ಬಹಳ ದಿನ ಬಾಗಿಲು ಹಾಕಿಕೊಂಡು ಕೂತಿದ್ದರು, ಮನೆಯಲ್ಲಿ ಒಬ್ಬ ತಮ್ಮ ಕಡಿಮೆಯಾಗಿದ್ದ. ಅದಾದ ಮೇಲೆ ನಾವು ಒಬ್ಬರನ್ನೊಬ್ಬರು ಕಂಡದ್ದು ಅಂದೇ. ಅವರು ಏನೂ ಕೇಳದೆ ಚೀಲ ತೆಗೆದುಕೊಂಡು ನನ್ನ ಜೊತೆ ಬಂದರು.

ಯಮುನಾ ಪಡಸಾಲೆಗೆ ಬಂದು, ಸೆರಗು ಹೊದ್ದುಕೊಂಡು, ಕೈ ಮುಂದೆ ಮಾಡಿ ಕೂತಳು. ಗೋದಕ್ಕ ಕಂಬ ಹಿಡಿದುಕೊಂಡು ನಿಂತಳು. ಹಕೀಮ್ ಸಾಹೇಬರು ಕಣ್ಣು ಮುಚ್ಚಿ ನಾಡಿ ನೋಡಿ, "ಬೇಟಿ ಬಿಲ್ಕುಲ್ ತಂದುರುಸ್ತ್ ಇದ್ದಾಳ, ಏನೂ ಆಗಿಲ್ಲ. ಕೆಮ್ಮು ಅಂತೀರಿ, ಅಡಗಿ ಮನಿ ಕಿಡಕಿ ತೆರೀರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ರಾಯರ, ನಿಮ್ಮ ಕೈ ಕೊಡ್ರಿ ಇಲ್ಲೆ" ಎಂದರು. ನನಗೇನಾಗಿದೆ ಎನ್ನುವಷ್ಟರಲ್ಲಿ ಹಿಡಿದೇಬಿಟ್ಟರು. ಬಹಳ ಹೊತ್ತು ಬಿಡಲಿಲ್ಲ. "ದಿಲ್‌ನಾಗ ಖೌಫ್ ಅದ. ಅಂಜಿಕಿ. ಹಳೇದು. ದವಾ ಆಕಿಗೆ ಬ್ಯಾಡ, ನಿಮಗ ಬೇಕು" ಎಂದು, ಚೀಲದಿಂದ ಒಂದು ಕಂದು ಪುಡಿಯ ಪೊಟ್ಟಣ ತೆಗೆದು ನನಗೆ ಕೊಡದೆ ಯಮುನಾಳ ಕೈಗೆ ಕೊಟ್ಟರು. ಬೆಳಿಗ್ಗೆ ಎದ್ದ ಕೂಡಲೇ ಜೇನಿನಲ್ಲಿ ಕಲಸಿ ಕುಡಿಸಬೇಕು. ಎಷ್ಟು ದಿವಸ ಕುಡಿಯಬೇಕು ಎಂದು ನಾನು ಕೇಳಿದೆ. ಹಕೀಮ್ ಸಾಹೇಬರು ಚೀಲ ಕಟ್ಟುತ್ತ, "ಈಕಿ ಸಾಕು ಅನ್ನೋತನಕ" ಎಂದರು.

ಆ ಪುಡಿಯಷ್ಟು ಕಹಿಯಾದದ್ದನ್ನು ನಾನು ಜನ್ಮದಲ್ಲಿ ನಾಲಗೆಗೆ ಹಚ್ಚಿಲ್ಲ. ಹಕೀಮ್ ಸಾಹೇಬರು ತೀರಿಕೊಂಡು ಎಷ್ಟೋ ಕಾಲವಾಯಿತು. ಪುಡಿ ಮಾಡುವುದನ್ನು ಯಮುನಾ ಅವರಿಂದ ಮೊದಲೇ ಕಲಿತುಕೊಂಡಿದ್ದಳು. ಈಗ ಆಕೆಯ ತಲೆಯೂ ಬೆಳ್ಳಗಾಗಿದೆ, ನನ್ನ ತಲೆಯಲ್ಲಿ ಬೆಳ್ಳಗಾಗಲು ಏನೂ ಉಳಿದಿಲ್ಲ. ಇವತ್ತು ಬೆಳಿಗ್ಗೆಯೂ ಕುಡಿದೆ. ಆಕೆ ಇನ್ನೂ ಸಾಕು ಎಂದು ಹೇಳಿಲ್ಲ.